ದೂರ ಪ್ರಯಾಣಕ್ಕೆ ಬೈಕ್ ಕವರ್: ಮೈಸೂರು, ಮಂಡ್ಯದ ಸವಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯದಿಂದ ಮಡಿಕೇರಿ, ಊಟಿ, ವಯನಾಡು, ಮಾದಪ್ಪನ ಬೆಟ್ಟದ ಕಡೆ ಗಾಡಿ ತೆಗೆದುಕೊಂಡು ಹೊರಡುವವರು ಕೇಳುವ ಪ್ರಶ್ನೆಗಳಿವು. ಸೈಡ್ ವೀಲ್ ಹಾಕಿಸಿದ ಸ್ಕೂಟರ್ ಮತ್ತು ಮೂರು ಚಕ್ರದ ಬೈಕ್ ಇರುವವರಿಗೆ ಕೆಳಗೆ ಬೇರೆ ಉತ್ತರವಿದೆ.

ಎರಡು ದಿನದ ಓಡಾಟಕ್ಕೂ ಕವರ್ ಹೊತ್ತುಕೊಂಡು ಹೋಗಬೇಕೇ?

ಎಲ್ಲ ಸಲವೂ ಬೇಡ. ಉಳಿಯುವ ಜಾಗದಲ್ಲಿ ಚಾವಣಿ ಇರುವ ಪಾರ್ಕಿಂಗ್ ಇದೆ ಎಂದು ಫೋನಿನಲ್ಲೇ ಖಾತ್ರಿಯಾದರೆ ಮನೆಯಲ್ಲೇ ಬಿಟ್ಟು ಹೋಗಿ. ದಿನವಿಡೀ ಮಳೆಯಲ್ಲೇ ಓಡಿದ ಗಾಡಿಗೆ ರಾತ್ರಿಯ ಮಳೆ ದೊಡ್ಡ ವಿಷಯವಲ್ಲ. ತೊಂದರೆ ಆಗುವುದು ಸೀಟಿಗೆ (ಹೊಲಿಗೆಯ ತೂತಿನಿಂದ ನೀರಿಳಿದು ಫೋಮ್ ನೆನೆದರೆ ಎರಡು ದಿನ ಪ್ಯಾಂಟು ಒದ್ದೆ), ಕೀ ಹಾಕುವ ತೂತಿಗೆ, ಹ್ಯಾಂಡಲಿನ ಸ್ವಿಚ್ಚುಗಳಿಗೆ. ಇನ್ನುಳಿದದ್ದು ಹಕ್ಕಿ ಹಿಕ್ಕೆ, ಮರದ ಅಂಟು, ಕೋತಿ ಮತ್ತು ಕಂಡವರ ಕಣ್ಣು. ಇವುಗಳಲ್ಲಿ ಎರಡಾದರೂ ಇರುವ ಕಡೆ ರಾತ್ರಿ ಬಯಲಲ್ಲಿ ನಿಲ್ಲಿಸುವುದಾದರೆ ಕವರ್ ಬೇಕು.

ಯೋಚಿಸದೇ ಇದ್ದ ಕಡೆ ಉಳಿಯಬೇಕಾಗಿ ಬರುವುದೂ ಉಂಟು. ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ನಂಜನಗೂಡಿನಲ್ಲಿ ಕಾಫಿಗೆ ಕೂತು ತಡವಾದರೆ ಅಂದಿನ ರಾತ್ರಿ ಗುಂಡ್ಲುಪೇಟೆಯಲ್ಲೇ, ಗಾಡಿ ಸಿಕ್ಕಿದ ಜಾಗದಲ್ಲೇ.

ಮನೆಯಲ್ಲಿ ಹಾಕುವ ಕವರನ್ನೇ ಒಯ್ಯಬಹುದಲ್ಲ?

ಒಯ್ಯಬಹುದು, ಆದರೆ ಅದು ಬೇರೆ ಕೆಲಸಕ್ಕೆ ಮಾಡಿದ್ದು. ಮನೆಯ ಕವರ್ ತಿಂಗಳುಗಟ್ಟಲೆ ಬಿಸಿಲು ತಡೆಯಬೇಕು, ಅದಕ್ಕೇ ದಪ್ಪ. ಪ್ರಯಾಣದ ಕವರ್ ದಿನಕ್ಕೆ ಹತ್ತು ಗಂಟೆ ಕೆಲಸ ಮಾಡಿ ಹದಿನಾಲ್ಕು ಗಂಟೆ ಸಾಮಾನಾಗಿ ಕೂರುತ್ತದೆ. ಅಲ್ಲಿ ತೂಕ ಮತ್ತು ಬೇಗ ಒಣಗುವ ಗುಣ ಮುಖ್ಯ.

ಪೊಟ್ಟಣದ ಮೇಲೆ 190ಟಿ, 210ಟಿ ಎಂದಿದ್ದರೆ ಒಂದು ಚದರ ಇಂಚಿನಲ್ಲಿ ಹಾಸು-ಹೊಕ್ಕು ಸೇರಿ ಅಷ್ಟು ಎಳೆಗಳಿವೆ ಎಂದರ್ಥ. ಇದು ತೆಳು ಟಫೆಟಾ ಬಟ್ಟೆ. 300ಡಿ, 600ಡಿ ಎಂದಿದ್ದರೆ ಅದು ಡೆನಿಯರ್, ಅಂದರೆ 9,000 ಮೀಟರ್ ನೂಲಿನ ಗ್ರಾಂ ತೂಕ. ಸಂಖ್ಯೆ ಹೆಚ್ಚಿದಷ್ಟೂ ನೂಲು ದಪ್ಪ. ಟಿ ಮತ್ತು ಡಿ ಬೇರೆ ಬೇರೆ ಅಳತೆಯಾದ್ದರಿಂದ ಇವೆರಡನ್ನು ಹೋಲಿಸಿ ಯಾವುದು ದೊಡ್ಡದು ಎಂದು ನೋಡುವುದರಲ್ಲಿ ಅರ್ಥವಿಲ್ಲ. ಪ್ರಯಾಣಕ್ಕೆ ಒಳಗಡೆ ನೀರು ತಡೆಯುವ ಪಿಯು (ಪಾಲಿಯುರೆಥೇನ್) ಲೇಪನವಿರುವ 190ಟಿ ಅಥವಾ 210ಟಿ ಸಾಕು. 350 ಸಿಸಿ ಗಾಡಿಯ ಅಂಥ ಕವರ್ ಸಾಮಾನ್ಯವಾಗಿ ಒಂದು ಕಿಲೋ ಒಳಗೇ ಇರುತ್ತದೆ. ಕೊಳ್ಳುವಾಗ ಹೊಲಿಗೆ ನೋಡಿ: ಮೇಲ್ಭಾಗದ ಹೊಲಿಗೆಗೆ ಒಳಗಿಂದ ಟೇಪ್ ಅಂಟಿಸಿರಬೇಕು. ಬಟ್ಟೆ ಎಷ್ಟೇ ಒಳ್ಳೆಯದಿದ್ದರೂ ನೀರು ಬರುವುದು ಸೂಜಿ ತೂತಿನಿಂದಲೇ.

ಅರ್ಧ ಕವರ್ ಸಾಕಾಗುತ್ತದೆಯೇ?

ನಮ್ಮ ಕಡೆಯ ಬಹುಪಾಲು ಪ್ರಯಾಣಗಳಿಗೆ ಅದೇ ಒಳ್ಳೆಯದು. ಹ್ಯಾಂಡಲ್, ಮೀಟರ್, ಟ್ಯಾಂಕ್, ಸೀಟು ಇಷ್ಟೇ ಮುಚ್ಚುತ್ತದೆ, ಸೈಲೆನ್ಸರ್ ತನಕ ಇಳಿಯುವುದಿಲ್ಲ, ಗಾಳಿಗೆ ಹಾಯಿಯಂತೆ ಉಬ್ಬುವುದಿಲ್ಲ, ಮಡಚಿದರೆ ಒಂದು ಲೀಟರ್ ನೀರಿನ ಬಾಟಲಿಯಷ್ಟು ಜಾಗ. ಬ್ರೇಕ್ ಡಿಸ್ಕ್ ನೆನೆದು ಬೆಳಿಗ್ಗೆ ತುಸು ಕಂದು ಬಣ್ಣ ತಿರುಗಿದ್ದರೆ ಹೆದರಬೇಡಿ, ನಾಲ್ಕು ಸಲ ಬ್ರೇಕ್ ಹಿಡಿದರೆ ಹೋಗುತ್ತದೆ. ಗಾಡಿಯನ್ನು ಕಣ್ಣಿನಿಂದ ಮರೆಮಾಡಬೇಕಾದರೆ ಮಾತ್ರ ಪೂರ್ತಿ ಕವರ್ ಬೇಕಾಗುತ್ತದೆ.

ಅಳತೆ ಹೇಗೆ ತೆಗೆದುಕೊಳ್ಳುವುದು?

ಗಾಡಿಯ ಮಾಡೆಲ್ ಹೆಸರು ಹೇಳಿ ಕೊಂಡರೆ ಮೋಸ ಹೋಗುತ್ತೀರಿ. ನೀವು ಹಾಕಿಸಿದ ಕ್ರ್ಯಾಶ್ ಗಾರ್ಡ್, ವಿಂಡ್‌ಶೀಲ್ಡ್, ಕ್ಯಾರಿಯರ್ ಅಂಗಡಿಯವರ ಲೆಕ್ಕದಲ್ಲಿ ಇರುವುದಿಲ್ಲ. ದರ್ಜಿಯ ಟೇಪಿನಿಂದ ಮೂರು ಅಳತೆ ತೆಗೆಯಿರಿ: ಮುಂದಿನ ಟೈರಿನ ತುದಿಯಿಂದ ಹಿಂದಿನ ಮಡ್‌ಗಾರ್ಡ್ ತುದಿಗೆ, ಒಂದು ಕನ್ನಡಿಯ ಹೊರ ಅಂಚಿನಿಂದ ಇನ್ನೊಂದರ ಹೊರ ಅಂಚಿಗೆ, ನೆಲದಿಂದ ಅತಿ ಎತ್ತರದ ಭಾಗಕ್ಕೆ. ಉದ್ದಕ್ಕೆ 15ರಿಂದ 20 ಸೆಂ.ಮೀ. ಸೇರಿಸಿ. ಅದಕ್ಕಿಂತ ಸಡಿಲವಾದರೆ ರಾತ್ರಿಯಿಡೀ ಪಟಪಟ ಹೊಡೆದುಕೊಳ್ಳುತ್ತದೆ. ಹಿಂದೆ ಟಾಪ್ ಬಾಕ್ಸ್ ಇದ್ದರೆ ಅದನ್ನು ಹಾಕಿಯೇ ಅಳೆಯಿರಿ. ಸೈಡ್ ಬ್ಯಾಗುಗಳನ್ನು ರಾತ್ರಿ ರೂಮಿಗೆ ಒಯ್ಯುವ ಅಭ್ಯಾಸವಿದ್ದರೆ ಅವುಗಳ ಲೆಕ್ಕ ಬೇಡ.

ಕವರಿನ ತುದಿ ನೆಲಕ್ಕೆ ತಾಗಬಾರದು, ಒಂದು ಗೇಣು ಮೇಲಿರಲಿ. ನೆಲ ಮುಟ್ಟಿದರೆ ಕೆಳಗಿನ ತೇವ ಆವಿಯಾಗಿ ಹೊರಹೋಗಲು ದಾರಿ ಇರುವುದಿಲ್ಲ.

ಮಡಚುವ ಸರಿಯಾದ ಕ್ರಮ ಯಾವುದು?

ಕವರನ್ನು ಗಾಡಿಯಿಂದ ಎಳೆದು ನೆಲಕ್ಕೆ ಹಾಕಬೇಡಿ. ಗಾಡಿಯ ಮೇಲಿರುವಾಗಲೇ ಮಡಚಿ:

1. ಮೇಲಿನ ನೀರು, ಎಲೆ, ಕಸ ಕೊಡವಿ. ಕೆಳಗಿನ ಬಕಲ್, ದಾರ ಎಲ್ಲ ಬಿಚ್ಚಿ.
2. ಬಲಗಡೆಯ ಅಂಚನ್ನು ಮೇಲೆತ್ತಿ ಸೀಟು, ಟ್ಯಾಂಕಿನ ಮೇಲೆ ಮಡಚಿ ಹಾಕಿ. ಎಡಗಡೆಯದನ್ನೂ ಹಾಗೆಯೇ. ಈಗ ಹೊರಮೈಗೆ ಹೊರಮೈ ತಾಗಿ, ನೀರು-ದೂಳು ಒಳಗೇ ಸಿಕ್ಕಿಕೊಳ್ಳುತ್ತದೆ. ಶುಭ್ರವಾದ ಒಳಮೈ ನಿಮ್ಮ ಕೈಗೆ.
3. ಒಂದೂವರೆ ಅಡಿ ಅಗಲದ ಪಟ್ಟಿ ಉಳಿಯಿತು. ಹಿಂದಿನ ದೀಪದ ಕಡೆಯಿಂದ ಮುಂದಕ್ಕೆ ಚಾಪೆ ಸುತ್ತಿದಂತೆ ಬಿಗಿಯಾಗಿ ಸುತ್ತುತ್ತಾ ಬನ್ನಿ. ಗಾಳಿ ಮುಂದಿನ ತುದಿಯಿಂದ ಹೊರಟುಹೋಗುತ್ತದೆ.
4. ಹ್ಯಾಂಡಲ್ ಬಳಿ ಮುಗಿದಾಗ ಮುಂದಿನ ತುದಿ ಹೊರಗಿರುತ್ತದೆ. ಅಲ್ಲೊಂದು ಬಣ್ಣದ ದಾರ ಹೊಲಿದಿಟ್ಟುಕೊಳ್ಳಿ.

ಸಂಜೆ ಸುರುಳಿಯನ್ನು ಹ್ಯಾಂಡಲ್ ಮೇಲಿಟ್ಟು ಮೊದಲು ಕನ್ನಡಿಗಳಿಗೆ ಸಿಕ್ಕಿಸಿ, ಹಿಂದಕ್ಕೆ ಬಿಚ್ಚುತ್ತಾ ಹೋಗಿ, ಅಂಚುಗಳನ್ನು ಇಳಿಬಿಡಿ. ಕತ್ತಲಲ್ಲಿ, ಒಬ್ಬರೇ ಇದ್ದರೂ ಸುಲಭ. ದಿನವೂ ಒಂದೇ ಗೆರೆಯಲ್ಲಿ ಇಸ್ತ್ರಿ ಮಡಿಕೆ ಹಾಕಿದರೆ ಆ ಗೆರೆಯಲ್ಲೇ ಲೇಪನ ಬಿರಿದು ನೀರು ಸೋರುತ್ತದೆ. ಸುರುಳಿಗೆ ಆ ಕಾಟ ಕಡಿಮೆ.

ಗಾಡಿಯಲ್ಲಿ ಎಲ್ಲಿ ಕಟ್ಟಬೇಕು?

ಬೆಳಿಗ್ಗೆ ಸಾಮಾನೆಲ್ಲ ಕಟ್ಟಿ ಮುಗಿದ ಮೇಲೆ ಒದ್ದೆ ಕವರ್ ಕೈಯಲ್ಲಿ ಉಳಿಯುತ್ತದೆ. ಆದ್ದರಿಂದ ಅದರ ಜಾಗ ಯಾವಾಗಲೂ ಹೊರಗಡೆ, ಎಲ್ಲದರ ಮೇಲೆ. ಬ್ಯಾಗಿನ ತಳಕ್ಕೆ ಹಾಕುವ ಯೋಜನೆ ಮೊದಲ ಮಳೆಗೇ ಕೆಡುತ್ತದೆ.

ಹಿಂದಿನ ಸೀಟಿನ ಮೇಲೆ ಅಡ್ಡಲಾಗಿ, ಎರಡು ಪಟ್ಟಿಗಳಲ್ಲಿ ಕಟ್ಟುವುದು ಉತ್ತಮ. ಹಿಂದೆ ಸವಾರರಿದ್ದರೆ ಕ್ಯಾರಿಯರ್ ಮೇಲೆ. ಅದೂ ಇಲ್ಲದಿದ್ದರೆ ಎಡಗಡೆ ಸೀರೆ ಗಾರ್ಡಿಗೆ. ಹೆಚ್ಚಿನ ಗಾಡಿಗಳ ಸೈಲೆನ್ಸರ್ ಬಲಕ್ಕಿರುವುದರಿಂದ ಎಡಗಡೆ ಬಿಸಿಯ ಭಯವಿಲ್ಲ. ಆದರೆ ಸುರುಳಿ ಚಕ್ರದ ಕಡೆಗೆ ಜಾರದ ಹಾಗೆ ಮೇಲೆ ಒಂದು, ಕೆಳಗೆ ಒಂದು ಕಟ್ಟು ಬೇಕು. ಹಿಂದಿನ ದೀಪ, ಇಂಡಿಕೇಟರ್, ನಂಬರ್ ಪ್ಲೇಟ್ ಮರೆಯಾಗಬಾರದು.

ಕೊಕ್ಕೆಯ ರಬ್ಬರ್ ಹಗ್ಗಕ್ಕಿಂತ ಬಕಲ್ ಇರುವ ಒಂದಿಂಚಿನ ನೈಲಾನ್ ಪಟ್ಟಿ ಭದ್ರ. ಕೊಕ್ಕೆ ಜಾರಿದರೆ ಮುಖಕ್ಕೇ ಬಂದು ಹೊಡೆಯುತ್ತದೆ. ಮಂಡ್ಯದ ಹಳ್ಳಿಗಳಲ್ಲಿ ಹಾಲಿನ ಕ್ಯಾನ್ ಕಟ್ಟಲು ಬಳಸುವ ಸೀಳಿದ ಟ್ಯೂಬ್ ಪಟ್ಟಿ ಕೂಡ ಗಟ್ಟಿ ಹಿಡಿತದ್ದು, ಬಿರುಕು ಬಿಟ್ಟಿದೆಯೇ ಎಂದು ಎಳೆದು ನೋಡಿ ಬಳಸಿ. ಯಾವುದೇ ಆದರೂ ಉಳಿದ ತುದಿಯನ್ನು ಗಂಟಿನೊಳಗೆ ಸಿಕ್ಕಿಸಿ. ಇಳಿಬಿದ್ದ ಪಟ್ಟಿ ಚೈನಿಗೆ ಸಿಕ್ಕಿದರೆ ಹಿಂದಿನ ಚಕ್ರ ಜಾಮ್ ಆಗುತ್ತದೆ. ಕವರ್ ತಂದ ಅಪಾಯಗಳಲ್ಲಿ ಜೀವಕ್ಕೇ ಮುಳುವಾಗಬಹುದಾದದ್ದು ಇದು. ಹೊರಟು ಐದು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಲ್ಲಿಸಿ ಪಟ್ಟಿ ಬಿಗಿ ಮಾಡಿ. ಸುರುಳಿಯೊಳಗಿನ ಗಾಳಿ ಹೋಗಿ ಕಟ್ಟು ಸಡಿಲವಾಗಿರುತ್ತದೆ.

ಸೈಲೆನ್ಸರ್ ಆರುವವರೆಗೆ ಎಷ್ಟು ಹೊತ್ತು ಕಾಯಬೇಕು?

ಬಯಲು ಸೀಮೆಯಲ್ಲಿ ಓಡಿ ಬಂದಿದ್ದರೆ ಅರ್ಧ ಗಂಟೆ. ಗುಡ್ಡ ಹತ್ತಿ ಬಂದಿದ್ದರೆ, ಉದಾಹರಣೆಗೆ ಮಸಿನಗುಡಿ ಕಡೆಯಿಂದ ಕಲ್ಲಟ್ಟಿಯ 36 ತಿರುವುಗಳನ್ನು ಮೊದಲ-ಎರಡನೇ ಗೇರಿನಲ್ಲಿ ಏರಿದ್ದರೆ, ಮುಕ್ಕಾಲರಿಂದ ಒಂದು ಗಂಟೆ.

ಪಾಲಿಯೆಸ್ಟರ್ ಕರಗುವುದು ಸುಮಾರು 260 ಡಿಗ್ರಿಯಲ್ಲಿ, ನೈಲಾನ್ 220ರ ಆಸುಪಾಸಿನಲ್ಲಿ. ನೀಲಿ ಟಾರ್ಪಾಲು ಪಾಲಿಥೀನ್ ಆದ್ದರಿಂದ 110-130 ಡಿಗ್ರಿಗೇ ಮೆತ್ತಗಾಗಿ ಅಂಟುತ್ತದೆ. ಇಂಜಿನ್ನಿಂದ ಹೊರಡುವ ಬೆಂಡ್ ಪೈಪ್ ಓಡುವಾಗ ಇದಕ್ಕೆಲ್ಲ ಮೀರಿ ಕಾದಿರುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಅದೇ ದಾರಿಯಲ್ಲಿದೆ, ಅದರ ಸುತ್ತಲಿನ ಭಾಗ ಎಲ್ಲಕ್ಕಿಂತ ನಿಧಾನ ಆರುತ್ತದೆ. ಸೈಲೆನ್ಸರಿನ ತುದಿ ಮುಟ್ಟಿ ನೋಡಿ ತಣ್ಣಗಿದೆ ಎಂದುಕೊಳ್ಳಬೇಡಿ.

ಬೆರಳ ತುದಿಯಿಂದ ಎರಡು ಹನಿ ನೀರು ಬೆಂಡ್ ಪೈಪಿಗೆ ಚಿಮುಕಿಸಿ. ಚುಯ್ ಎಂದರೆ ಇನ್ನೂ 100 ಡಿಗ್ರಿ ಮೇಲಿದೆ. ಸದ್ದಿಲ್ಲದೆ ಹರಿದರೆ ಅಂಗೈಯ ಹಿಂಭಾಗವನ್ನು ಒಂದಿಂಚು ದೂರ ಹಿಡಿಯಿರಿ. ಹತ್ತು ಎಣಿಸುವವರೆಗೆ ಹಿಡಿಯಲಾದರೆ ಕವರ್ ಹಾಕಬಹುದು. ಬೇಗ ಆರಲಿ ಎಂದು ಚೊಂಬಿನಲ್ಲಿ ನೀರು ಸುರಿಯುವುದು ಬೇಡ.

ಅಷ್ಟರಲ್ಲೇ ಮಳೆ ಬಂದರೆ? ಕವರಿನ ಸೈಲೆನ್ಸರ್ ಕಡೆಯ ಅಂಚನ್ನು ಸೀಟಿನ ಮೇಲಕ್ಕೇ ಮಡಚಿಟ್ಟು ಟ್ಯಾಂಕ್, ಸೀಟು, ಮೀಟರ್ ಮಾತ್ರ ಮುಚ್ಚಿ. ಊಟ ಮುಗಿಸಿ ಬಂದು ಇಳಿಬಿಡಿ. ಒಳಗಡೆ ಹಳೆ ಜೀನ್ಸ್ ತುಂಡು ಹೊಲಿಸಿಕೊಳ್ಳುವವರಿದ್ದಾರೆ. ಹತ್ತಿ ಬಟ್ಟೆ ಕರಗುವುದಿಲ್ಲ ನಿಜ, ಆದರೆ ಕಾದ ಪೈಪಿಗೆ ಒತ್ತಿಕೊಂಡರೆ ಕಮರಿ ಕಿಡಿ ಹಿಡಿಯಬಹುದು. ತೇಪೆ ಇದೆ ಎಂದು ಕಾಯುವುದನ್ನು ಬಿಡಬೇಡಿ.

ಕರಗಿ ಅಂಟಿಯೇ ಬಿಟ್ಟಿದ್ದರೆ ಇಂಜಿನ್ ಒಂದೆರಡು ನಿಮಿಷ ಓಡಿಸಿ, ಅಂಟು ಮೆತ್ತಗಾದಾಗ ಮರದ ಚಮಚದ ಅಂಚಿನಿಂದ ಕೆರೆಯಿರಿ. ಚಾಕು ಬೇಡ. ಕ್ರೋಮ್ ಮೇಲೆ ಉಳಿದದ್ದಕ್ಕೆ ಅತಿ ನಯವಾದ ಸ್ಟೀಲ್ ವುಲ್ ಬಳಸಬಹುದು, ಕಪ್ಪು ಬಣ್ಣದ ಸೈಲೆನ್ಸರಿಗೆ ಅದೂ ಬೇಡ.

ಬೆಳಿಗ್ಗೆ ಕವರ್ ತೊಯ್ದು ತೊಪ್ಪೆಯಾಗಿರುತ್ತದೆ. ಏನು ಮಾಡುವುದು?

ಕವರ್ ಹಾಳಾಗುವುದು ಮಳೆಯಿಂದಲ್ಲ, ಒದ್ದೆಯಾಗಿ ಕಟ್ಟಿಟ್ಟಿದ್ದರಿಂದ. ತೇವ ಮತ್ತು ಬಿಸಿ ಸೇರಿದರೆ ಪಿಯು ಲೇಪನ ನಿಧಾನಕ್ಕೆ ಒಡೆಯುತ್ತದೆ: ಮೊದಲು ಹುಳಿ ವಾಸನೆ, ಆಮೇಲೆ ಜಿಗಟು, ಕೊನೆಗೆ ಹೊಟ್ಟಿನಂತೆ ಉದುರುವುದು. ಆ ಹಂತ ತಲುಪಿದ ಕವರಿಗೆ ಮದ್ದಿಲ್ಲ. ಬೂಷ್ಟು ಹಿಡಿಯಲು ಒಂದೆರಡು ದಿನ ಸಾಕು.

ಮಳೆ ಇಲ್ಲದಿದ್ದರೂ ಒದ್ದೆಯಾಗುತ್ತದೆ. ಡಿಸೆಂಬರ್-ಜನವರಿಯ ಊಟಿಯಲ್ಲಿ ಹೊರಗೆ ಇಬ್ಬನಿ, ಒಳಗೆ ನೆಲದ ತೇವ ತಣಿದು ಹನಿಗಟ್ಟಿರುತ್ತದೆ. ಬೆಳಿಗ್ಗೆ 6ಕ್ಕೆ ಕಾಡಿನ ಗೇಟು ದಾಟಬೇಕೆನ್ನುವವರಿಗೆ ಒಣಗಿಸುವ ಪುರುಸೊತ್ತು ಎಲ್ಲಿ? ಹಾಗಾಗಿ ಒದ್ದೆಯಲ್ಲೇ ಕಟ್ಟುವುದು ಅನಿವಾರ್ಯ. ಎಷ್ಟು ಹೊತ್ತು ಹಾಗೇ ಬಿಡುತ್ತೀರಿ ಎಂಬುದಷ್ಟೇ ಪ್ರಶ್ನೆ. ಎರಡು ಮೂಲೆ ಹಿಡಿದು ಜೋರಾಗಿ ಕೊಡವಿ, ಹಳೆ ಟವೆಲಿನಿಂದ ಒಳಮೈ ಒಮ್ಮೆ ಒರೆಸಿ, ಮೇಲೆ ಹೇಳಿದಂತೆ ಸುತ್ತಿ, ತೂತುಗಳಿರುವ ಬಲೆ ಚೀಲಕ್ಕೆ ಹಾಕಿ ಹೊರಗೆ ಕಟ್ಟಿ. ಬಲೆ ಚೀಲಕ್ಕೆ ಈರುಳ್ಳಿ ಮಂಡಿಯ ಚೀಲವೇ ಆಗುತ್ತದೆ. ತಿಂಡಿಗೋ ಊಟಕ್ಕೋ ನಿಂತಾಗ ಗಾಡಿಯ ಮೇಲೆ ಒಳಮೈ ಮೇಲಾಗಿ ಹರಡಿ. ಟಫೆಟಾ ಆದರೆ ಬಿಸಿಲಲ್ಲಿ ಅರ್ಧ ಗಂಟೆ ಸಾಕು. ಇಂಜಿನ್ ಆಗಷ್ಟೇ ನಿಂತಿರುತ್ತದೆ, ಸೈಲೆನ್ಸರ್ ಕಡೆ ಇಳಿಯದಂತೆ ನೋಡಿಕೊಳ್ಳಿ.

ಆರಿದ್ರಾ, ಪುನರ್ವಸು ಮಳೆಯ ದಿನಗಳಲ್ಲಿ ಕೊಡಗಿಗೆ ಹೋದರೆ ಬಿಸಿಲೇ ಇರುವುದಿಲ್ಲ. ಆಗ ಸಂಜೆ ಅದೇ ಒದ್ದೆ ಕವರನ್ನು ಗಾಡಿಗೆ ಹಾಕಿ, ಮನೆಗೆ ಬಂದ ದಿನವೇ ಹಗ್ಗಕ್ಕೆ ಹಾಕಿ. ನಾಲ್ಕು ದಿನ ಹರಡಿಕೊಂಡೇ ಒದ್ದೆಯಾಗಿದ್ದರೂ ಕವರ್ ಬದುಕುತ್ತದೆ, ಚೀಲದಲ್ಲಿ ಬಿಗಿದಿಟ್ಟರೆ ಇಲ್ಲ.

ಗೊಬ್ಬರದ ಚೀಲದ ಬಗ್ಗೆ ಒಂದು ಎಚ್ಚರಿಕೆ. ಮಂಡ್ಯದ ಕಡೆ ಮನೆಮನೆಯಲ್ಲೂ ಇರುವುದರಿಂದ ಕವರ್ ತುಂಬಲು ಅದನ್ನೇ ಬಳಸುತ್ತಾರೆ. ಚೀಲದ ಮೂಲೆಯಲ್ಲಿ ಉಳಿದ ಪೊಟ್ಯಾಶ್ ಪುಡಿ ಒದ್ದೆ ಬಟ್ಟೆಗೆ ಹತ್ತಿ, ಅಲ್ಲಿಂದ ನಟ್ಟು-ಬೋಲ್ಟಿಗೆ ಬಂದರೆ ಅದರಲ್ಲಿರುವ ಕ್ಲೋರೈಡಿನಿಂದ ತುಕ್ಕು ಬೇಗ ಹಿಡಿಯುತ್ತದೆ. 25 ಕಿಲೋ ಅಕ್ಕಿ ಚೀಲ ತೆಗೆದುಕೊಳ್ಳಿ.

ಗಾಳಿಗೆ ಹಾರಿಹೋಗದಂತೆ, ಗಾಡಿ ಬೀಳದಂತೆ ಕಟ್ಟುವುದು ಹೇಗೆ?

ಅಂಚಿನ ಎಲಾಸ್ಟಿಕ್ ನಂಬಬೇಡಿ. ಇಂಜಿನ್ ಕೆಳಗಿನಿಂದ ಎಡ-ಬಲ ಸೇರಿಸುವ ಒಂದು ಬಕಲ್ ಪಟ್ಟಿ, ಮುಂದಿನ ಚಕ್ರದ ಹಿಂದೆ ಇನ್ನೊಂದು. ಕವರಿನಲ್ಲಿ ಪಟ್ಟಿ ಇಲ್ಲದಿದ್ದರೆ ಸೀಟ್ ಕವರ್ ಹೊಲಿಯುವ ಅಂಗಡಿಯಲ್ಲಿ ಎರಡೂ ಕಡೆ ರಿಂಗ್ ಹೊಡೆಸಿ ಹಗ್ಗ ಪೋಣಿಸಿ. ಮಳೆಗಾಲಕ್ಕಿಂತ ಏಪ್ರಿಲ್-ಮೇ ತಿಂಗಳ ಭರಣಿ, ಕೃತ್ತಿಕಾ ಮಳೆಯ ಬಿರುಗಾಳಿ ಕೆಟ್ಟದ್ದು. ಸೈಡ್ ಸ್ಟ್ಯಾಂಡ್ ಹಾಕಿದ್ದರೆ ಗಾಡಿ ಎಡಕ್ಕೆ ವಾಲಿರುತ್ತದೆ, ಬಲದಿಂದ ಗಾಳಿ ಬಂದರೆ ಸ್ಟ್ಯಾಂಡ್ ತಡೆಯುತ್ತದೆ, ಎಡದಿಂದ ಬಂದರೆ ಎತ್ತಿ ಕೆಡವುತ್ತದೆ. ಎಡ ಮಗ್ಗುಲನ್ನು ಗೋಡೆಯ ಕಡೆ ಇಟ್ಟು, ಮೊದಲ ಗೇರಿನಲ್ಲಿ ಬಿಟ್ಟು, ಹ್ಯಾಂಡಲ್ ಎಡಕ್ಕೆ ಲಾಕ್ ಮಾಡಿ. ನೆಲ ಕೆಸರಾಗಿದ್ದರೆ ಸ್ಟ್ಯಾಂಡಿನ ಕೆಳಗೆ ಚಪ್ಪಟೆ ಕಲ್ಲು.

ಕವರ್ ಹಾಕಿದ್ದರಿಂದಲೇ ಟ್ಯಾಂಕ್ ಗೀರಿದೆ. ಯಾಕೆ?

ಗೀರಿದ್ದು ಬಟ್ಟೆಯಲ್ಲ, ಬಟ್ಟೆ ಮತ್ತು ಬಣ್ಣದ ನಡುವಿನ ಮರಳು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲೇ ಬರಬೇಕು. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಬಂದವರ ಟ್ಯಾಂಕ್ ಮೇಲೆ ದೂಳು ಪದರಗಟ್ಟಿರುತ್ತದೆ. ಆಲೆಮನೆ ಪಕ್ಕ ನಿಲ್ಲಿಸಿದರೆ ಕರಿ ಬೂದಿ ಬೇರೆ. ಕವರ್ ಹಾಕುವ ಮೊದಲು ಅರ್ಧ ಲೀಟರ್ ನೀರು, ಒಂದು ಮೆತ್ತನೆಯ ಬಟ್ಟೆ ಸಾಕು. ಒಣ ಬಟ್ಟೆಯಲ್ಲಿ ಉಜ್ಜಬೇಡಿ.

ಮರದ ಕೆಳಗೆ ನಿಲ್ಲಿಸಬಹುದೇ?

ನೆರಳಿಗೆ ಆಸೆಪಟ್ಟರೆ ಅಂಟು, ಹಿಕ್ಕೆ ಎರಡೂ ಬರುತ್ತದೆ. ಹಕ್ಕಿ ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿದೆ, ಬಿಸಿಲಿಗೆ ಒಣಗಿ ಗಟ್ಟಿಯಾದರೆ ಬಣ್ಣದ ಮೇಲಿನ ಹೊಳಪಿನ ಪದರ ತಿನ್ನುತ್ತದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವ ಕಾಲದಲ್ಲಿ ಹೋದರೆ ಊರೊಳಗಿನ ಹುಣಸೆ ಮರದಡಿ ಗಾಡಿ ನಿಲ್ಲಿಸುವುದೇ ಬೇಡ. ಅಲ್ಲಿ ಹತ್ತು ನಿಮಿಷಕ್ಕೂ ಅರ್ಧ ಕವರ್ ಹಾಕುವುದು ಲೇಸು.

ಕೋತಿ, ಹಾವು, ಚೇಳಿನ ಕಾಟ?

ಚಾಮುಂಡಿ ಬೆಟ್ಟದಲ್ಲಾಗಲಿ ಮಸಿನಗುಡಿಯಲ್ಲಾಗಲಿ ಕೋತಿಗೆ ಕವರ್ ತಡೆಯಲ್ಲ, ಆಟದ ಸಾಮಾನು. ಆದರೂ ಸೀಟು ಹರಿಯುವುದಕ್ಕಿಂತ ಕವರ್ ಹರಿಯುವುದು ಮೇಲು. ಬ್ಯಾಗಿನಲ್ಲಿ ಬಾಳೆಹಣ್ಣು, ಬಿಸ್ಕತ್ತು ಬಿಡಬೇಡಿ. ಕಬ್ಬಿನ ಗದ್ದೆ, ತೋಟದ ಪಕ್ಕ ರಾತ್ರಿ ನಿಲ್ಲಿಸಿದ್ದರೆ ಬೆಳಿಗ್ಗೆ ಕವರಿಗೆ ನಾಲ್ಕು ಸಲ ತಟ್ಟಿ, ಅಂಚನ್ನು ಕೋಲಿನಿಂದ ಎತ್ತಿ ನೋಡಿ, ಆಮೇಲೆ ಕೈ ಹಾಕಿ. ಬಿಸಿ ಇಂಜಿನ್ನಿನ ಸುತ್ತ ಮುಚ್ಚಿದ ಬೆಚ್ಚನೆಯ ಜಾಗ ಹಾವಿಗೂ ಚೇಳಿಗೂ ಬೇಕು.

ಕಳ್ಳತನಕ್ಕೆ ಕವರ್ ತಡೆಯೇ?

ಒಂದಿಷ್ಟು. ಒಳಗೆ ಯಾವ ಗಾಡಿ ಎಂದು ತಿಳಿಯುವುದಿಲ್ಲ. ಕಂಪನಿ ಹೆಸರು ದೊಡ್ಡದಾಗಿ ಬರೆದ ಕವರಿಗೆ ಆ ಉಪಯೋಗವೂ ಇಲ್ಲ, ಮಾಸಲು ಬೂದು ಬಣ್ಣ ಒಳ್ಳೆಯದು. ಡಿಸ್ಕ್ ಲಾಕ್ (ಬ್ರೇಕ್ ಡಿಸ್ಕಿಗೆ ಹಾಕುವ ಬೀಗ) ಹಾಕಿದ್ದರೆ ನೆನಪಿಗೆ ಹ್ಯಾಂಡಲಿಗೆ ಕೆಂಪು ದಾರ ಕಟ್ಟಿ. ಬೆಳಿಗ್ಗೆ ಅವಸರದಲ್ಲಿ ಕವರ್ ತೆಗೆದು ಲಾಕ್ ಮರೆತು ಹೊರಡುವವರು ಬಹಳ.

ಹಳೆಯ ಜಾವಾ, ಯೆಜ್ಡಿಗೆ ಬೇರೆ ಎಚ್ಚರಿಕೆ ಬೇಕೇ?

ಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದೆ, ಆ ಕಾಲದ ಕ್ರೋಮ್ ಭಾಗ ಹೋದರೆ ಹೊಂದಿಸುವುದು ಕಷ್ಟ. ಕ್ರೋಮಿಗೆ ಒದ್ದೆ ಬಟ್ಟೆ ಅಂಟಿಕೊಂಡಿರಬಾರದು, ಚುಕ್ಕೆ ಚುಕ್ಕೆಯಾಗಿ ತುಕ್ಕು ಏಳುತ್ತದೆ. ಟ್ಯಾಂಕ್ ಮೇಲೆ ಒಣ ಹತ್ತಿ ಪಂಚೆ ಹಾಕಿ, ಅದರ ಮೇಲೆ ಕವರ್. ಎರಡು ಸೈಲೆನ್ಸರ್ ಎರಡೂ ಕಡೆ ಇರುವುದರಿಂದ ಅಂಚು ಎತ್ತುವುದೂ ಎರಡೂ ಕಡೆ.

ಸೈಡ್ ವೀಲ್ ಸ್ಕೂಟರ್, ಮೂರು ಚಕ್ರದ ಬೈಕಿಗೆ?

ಸಿದ್ಧ ಕವರ್ ಸರಿಹೋಗುವುದು ಅಪರೂಪ. ದೊಡ್ಡ ಬೈಕಿನ ಕವರ್ ತಂದರೆ ಉದ್ದ ಮಿಗುತ್ತದೆ, ಅಗಲ ಸಾಲುವುದಿಲ್ಲ. ಹೊಲಿಸುವುದೇ ದಾರಿ. ಅಳತೆ ಹೀಗೆ: ಹಿಂದಿನ ಎರಡು ಚಕ್ರಗಳ ಹೊರ ಅಂಚಿನ ನಡುವಿನ ಅಗಲ, ಒಂದು ಚಕ್ರದ ನೆಲಮಟ್ಟದಿಂದ ಸೀಟಿನ ಮೇಲೆ ಹಾದು ಇನ್ನೊಂದರ ನೆಲಮಟ್ಟಕ್ಕೆ ಟೇಪ್ ಎಳೆದ ಉದ್ದ, ಮುಂದೆ ಹ್ಯಾಂಡಲ್ ಬಳಿಯೂ ಅದೇ ರೀತಿ. ಈ ಎರಡು ಅಡ್ಡ ಅಳತೆ ಬೇರೆ ಬೇರೆ ಬರುತ್ತವೆ, ಬಟ್ಟೆ ಹಿಂದಕ್ಕೆ ಅಗಲವಾಗುತ್ತಾ ಹೋಗಬೇಕು. ಸೈಡ್ ವೀಲಿನ ಮಡ್‌ಗಾರ್ಡ್ ಮೇಲೆ ಬಟ್ಟೆ ತಗ್ಗಾಗಿ ನೀರು ನಿಲ್ಲುವ ಜಾಗ ಆಗುತ್ತದೆ. ಅಲ್ಲಿ ಎರಡು ಪದರ ಹೊಲಿಸಿ, ಸೀಟಿನ ಮೇಲೊಂದು ಗಾಳಿ ತುಂಬಿದ ದಿಂಬಿಟ್ಟು ಇಳಿಜಾರು ಮಾಡಿ.

ಊರುಗೋಲು ಬಳಸುವವರಿಗೆ ಗಾಡಿ ಸುತ್ತ ನಡೆದು ಕವರ್ ಎಳೆಯುವುದು ತ್ರಾಸ. ಮಧ್ಯದಲ್ಲಿ ಉದ್ದಕ್ಕೆ ಜಿಪ್ ಹಾಕಿಸದೆ, ಒಂದು ಪಕ್ಕದಲ್ಲಿ ವೆಲ್ಕ್ರೋ ಬಾಯಿ ಇಡಿಸಿ. ಹಿಂದಿನ ಎರಡು ಮೂಲೆಗೆ ಉದ್ದ ದಾರ ಕಟ್ಟಿದರೆ ಒಂದೇ ಕಡೆ ನಿಂತು ಎಳೆಯಬಹುದು. ಮೂರು ಚಕ್ರದ ಗಾಡಿ ವಾಲುವುದಿಲ್ಲವಾದ್ದರಿಂದ ಗಾಳಿಯ ಭಯ ಕಡಿಮೆ, ಪಟ್ಟಿ ಒಂದೇ ಸಾಕು.

ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜ್ ಆಗುವಾಗ ಕವರ್ ಹಾಕಿರಬಹುದೇ?

ಬೇಡ. ಬ್ಯಾಟರಿಯ ಬಿಸಿ ಹೊರಹೋಗಬೇಕು. ಚಾರ್ಜ್ ಮುಗಿದು, ಮುಟ್ಟಿದರೆ ತಣ್ಣಗಾದ ಮೇಲೆ ಹಾಕಿ.

ಪಿಕಪ್‌ನಲ್ಲಿ ಸಾಗಿಸುವಾಗ ಕವರ್ ಹಾಕಲೇ?

ಹಾಕಬೇಡಿ. ಗಾಳಿಗೆ ಬಟ್ಟೆ ಬಡಿದು ಒಂದೇ ಗಂಟೆಯಲ್ಲಿ ಬಣ್ಣ ಮಂಕಾಗುತ್ತದೆ. ರೈಲಿನ ಪಾರ್ಸೆಲ್‌ನಲ್ಲಿ ಕಳಿಸುವುದಾದರೆ ಗೋಣಿ, ಒಣಹುಲ್ಲು ಸುತ್ತಿ ಪ್ಯಾಕ್ ಮಾಡಿಸಬೇಕು, ಪೆಟ್ರೋಲ್ ಪೂರ್ತಿ ತೆಗೆದಿರಬೇಕು. ಕವರನ್ನು ನಿಮ್ಮ ಬ್ಯಾಗಿನಲ್ಲಿಟ್ಟುಕೊಳ್ಳಿ.

ಮನೆಗೆ ಬಂದ ಮೇಲೆ?

ತಣ್ಣೀರು, ಸ್ವಲ್ಪ ಮೈ ಸೋಪು, ಮೆತ್ತನೆ ಬ್ರಷ್. ವಾಷಿಂಗ್ ಮಷೀನ್ ಬೇಡ, ಹಿಂಡುವುದೂ ಬೇಡ. ಕಡಲ ತೀರಕ್ಕೆ ಹೋಗಿ ಬಂದಿದ್ದರೆ ಎರಡು ಸಲ ಜಾಲಿಸಿ, ಉಪ್ಪು ಉಳಿದರೆ ಗಾಳಿಯ ತೇವ ಎಳೆಯುತ್ತಲೇ ಇರುತ್ತದೆ. ನೆರಳಲ್ಲಿ ಒಂದು ದಿನ ಒಣಗಿಸಿ, ಹೊಲಿಗೆಯ ಜಾಗ ಬೆರಳಿನಿಂದ ಮುಟ್ಟಿ ನೋಡಿ, ಕೊನೆಗೆ ಒಣಗುವುದು ಅದೇ. ಹರಿದದ್ದಕ್ಕೆ ಎರಡೂ ಕಡೆಯಿಂದ ಬಟ್ಟೆ ಟೇಪ್ ಹಚ್ಚಿ, ಟೇಪಿನ ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಮಾಡಿ; ಚೂಪು ಮೂಲೆ ಬೇಗ ಏಳುತ್ತದೆ. ಇಡುವಾಗ ಪೆಟ್ಟಿಗೆಯ ತಳಕ್ಕೆ ಒತ್ತದೆ, ಸಡಿಲವಾದ ಹತ್ತಿ ಚೀಲದಲ್ಲಿ ಮೊಳೆಗೆ ನೇತುಹಾಕಿ.